ಚುಕ್ಕೆ ಕಳೆದುಕೊಂಡ ಅಂಕಿ

ಚಹಾಕ್ಕೆ ಸಕ್ಕರೆ ಬೇಡ ಅನ್ನಲು ಬಾಯಿ ಬಾರದವಳು ನೀನು, ನಿನ್ನ ಬಾಯಿಮಾತು ನಂಬಿ ನಾಡಿದ್ದು ಅಣುಸ್ಥಾವರ ಶುರುವಾಗುತ್ತದಂತೆ. ನೀಲಾಂಬಿಕಾ ಹಳ್ಳೂರ ತನಗೆ ತಾನೇ ಹೀಗೆ ಹೇಳಿಕೊಂಡಾಗ ಕಂಟ್ರೋಲ್ ರೂಮಿನ ಹಿಂದಿನ ಬೇಸಿನ್ನಿನ ಮುಂದೆ ನಿಂತಿದ್ದಳು. ಅಲ್ಲಿದ್ದ ಕನ್ನಡಿ ಭೂಕಂಪದ ದಿನವೇ ಬಿದ್ದು ಒಡೆದಿತ್ತು. ಗೋಡೆಯಲ್ಲಿ ನಾಲ್ಕು ತಿರುಪುಗಳೂ ಬಣ್ಣ ಮಾಸದ ಒಂದು ಚೌಕವೂ ಉಳಿದಿದ್ದವು. ರೂಢಿಯಿಂದ ಅವಳು ಆ ಚೌಕವನ್ನೇ ನೋಡುತ್ತಿದ್ದಳು.

ಸಕ್ಕರೆಯ ಸಂಗತಿ ಸಣ್ಣದು. ಕೆಲಸಕ್ಕೆ ಸೇರಿದ ದಿನ ವಿದ್ಯುತ್ ಮೇಜಿನ ದಸ್ತಗೀರ ಮುಲ್ಲಾ ಅವಳ ಕಪ್ಪಿಗೆ ಎರಡು ಚಮಚ ಸುರಿದು, ನಡೀತೈತಲ್ಲ ತಂಗಿ ಎಂದು ಕೇಳಿದ್ದ. ಅವಳು ಹೂಂ ಅಂದಿದ್ದಳು. ಅಂದಿನಿಂದ ಇಂದಿನವರೆಗೂ ಆ ಪಾಕವನ್ನು ಕಣ್ಣುಮುಚ್ಚಿ ನುಂಗುತ್ತಿದ್ದಾಳೆ. ಬಳೆಗಾರ ಬಿಗಿಯಾದ ಬಳೆ ತೊಡಿಸಿದರೂ ಹೂಂ, ಬಸ್ಸಿನಲ್ಲಿ ಯಾರೋ ಅವಳ ಸೀಟು ಕೇಳಿದರೂ ಹೂಂ. ಅವಳ ಹೂಂ ಒಪ್ಪಿಗೆಯಲ್ಲ, ಮಾತು ಬೇಗ ಮುಗಿಯಲಿ ಎಂಬ ಪ್ರಾರ್ಥನೆ. ಅದು ಅವಳೊಬ್ಬಳಿಗೆ ಗೊತ್ತಿತ್ತು. ಕೇಳಿದವರಿಗೆ ಹೇಗೆ ಗೊತ್ತಾಗಬೇಕು?

ಕೃಷ್ಣೆಯ ಹಿನ್ನೀರಿನ ದಂಡೆಯ ಕೂಡಲಗುಡ್ಡ ಸ್ಥಾವರ ಭೂಕಂಪದ ದಿನ ತಾನು ಮಾಡಬೇಕಾದ್ದನ್ನು ಮಾಡಿತ್ತು. ನೆಲ ನಡುಗಿದ ಕ್ಷಣದಲ್ಲೇ ಎರಡೂ ಘಟಕಗಳು ತಾವಾಗಿ ನಿಂತವು. ನಿಲ್ಲಲಾಗದ್ದು ಹೊರಗಿನ ತಂತಿಗಳಿಗೆ. ಕೊಯ್ದ ಜೋಳದ ದಂಟಿನ ಹಾಗೆ ಟವರುಗಳು ಸಾಲಾಗಿ ಮಲಗಿ, ಜಿಲ್ಲೆಗೆ ಜಿಲ್ಲೆಯೇ ಕತ್ತಲಾಗಿತ್ತು. ಎರಡು ವಾರ ಹಗಲಿರುಳು ದುಡಿದು ಜಿಲ್ಲಾಕೇಂದ್ರದವರೆಗೆ ಒಂದೇ ಒಂದು ಲೈನು ಎತ್ತಿ ನಿಲ್ಲಿಸಿದ್ದರು. ಅದರೊಳಗೆ ವಿದ್ಯುತ್ ತುಂಬಬೇಕಿದ್ದದ್ದು ಸ್ಥಾವರದ ಚಿಕ್ಕ ಘಟಕ. ಅದಕ್ಕೆ ಏಟಾಗಿಲ್ಲವೆಂದು ಪರೀಕ್ಷೆ ಮಾಡಿದವರು ಹೇಳಿದ್ದರು. ಉಳಿದದ್ದು ಕಂಟ್ರೋಲ್ ರೂಮಿನ ಐದು ಮೇಜುಗಳ ‘ಸರಿ’ ಮಾತ್ರ.

ಈ ‘ಸರಿ’ ಅಲ್ಲಿಯ ಹಳೆಯ ಪದ್ಧತಿ. ಪಾಳಿ ಬದಲಾಗುವಾಗ, ಯಾವುದೇ ದೊಡ್ಡ ಯಂತ್ರ ಶುರುಮಾಡುವಾಗ, ಪ್ರತಿ ಮೇಜಿನವರೂ ಎದ್ದು ನಿಂತು ಬಾಯಿಬಿಟ್ಟು ಸರಿ ಅನ್ನಬೇಕು. ಸ್ಥಾವರ ಹೊಸದಿದ್ದಾಗ ಜನ ಮೆಟ್ಟಿಲು ಹತ್ತಿಳಿದು, ಮೀಟರಿನ ಗಾಜು ಒರೆಸಿ, ಮುಳ್ಳು ನೋಡಿ ಬಂದು ಸರಿ ಅನ್ನುತ್ತಿದ್ದರಂತೆ. ಪರದೆಗಳು ಬಂದ ಮೇಲೆ ಮೆಟ್ಟಿಲು ಹತ್ತುವುದು ನಿಂತಿತು. ಅನ್ನುವುದು ಉಳಿಯಿತು. ನೀರಿನ ಮೇಜಿನ ಹಿರಿಯರು ಭೂಕಂಪದಲ್ಲಿ ಕಾಲು ಮುರಿದುಕೊಂಡು ಹುಬ್ಬಳ್ಳಿಯಲ್ಲಿ ಮಲಗಿದ್ದರಿಂದ, ತರಬೇತಿಗೆ ಬಂದ ನೀಲಾಳೇ ಈಗ ನೀರಿನ ಮೇಜು.

ಅವಳ ಚಿಗವ್ವ ಬಾಳವ್ವ ಕಾಲೊನಿಯ ಶಾಲೆಯ ಮೈದಾನದಲ್ಲಿ, ತಗಡಿನ ಶೆಡ್ಡಿನಲ್ಲಿದ್ದಳು. ಅವ್ವ ಸತ್ತ ಮೇಲೆ ನೀಲಾಳನ್ನು ಸಾಕಿ ಎಂ.ಎಸ್ಸಿ. ಓದಿಸಿದವಳು ಅವಳೇ. ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ಜಿಲ್ಲಾ ಆಸ್ಪತ್ರೆಯ ಡಯಾಲಿಸಿಸ್ ಯಂತ್ರಗಳು ಜನರೇಟರಿನ ಮೇಲೆ ಅರೆಹೊಟ್ಟೆಯಲ್ಲಿ ಓಡುತ್ತಿದ್ದವು. ಬಾಳವ್ವನ ಪಾಳಿ ಎರಡು ಸಲ ತಪ್ಪಿತ್ತು. ಹುಬ್ಬಳ್ಳಿಗೆ ರೋಗಿಗಳ ಬಸ್ಸಿತ್ತು, ಸೇತುವೆ ಕುಸಿದದ್ದರಿಂದ ಸುತ್ತು ಹಾಕಿ ಹೋಗುವುದು. ಅದರಾಗ ಕುಂತ್ರ ಹೆಣಾ ಆಗೇ ಇಳೀತೀನಿ ಎಂದು ಅವಳು ಹಟ ಹಿಡಿದಿದ್ದಳು. ಕರೆಂಟು ಬಂದರೆ ಇಲ್ಲೇ ಯಂತ್ರಗಳೆಲ್ಲ ಓಡುತ್ತಿದ್ದವು.

ಅಂದು ಸಂಜೆ ನೀಲಾ ಶೆಡ್ಡಿಗೆ ಬಂದಾಗ ಚಿಗವ್ವ ಕಾಲು ಚಾಚಿ ಕೂತಿದ್ದಳು. ಪಾದಗಳು ಹಿಟ್ಟು ನಾದಿಟ್ಟಂತೆ ಊದಿದ್ದವು. ನೀಲಾ ಚಪ್ಪಲಿ ಬಿಡುತ್ತಲೇ, ಬಾವು ನಿನ್ನೆಗಿಂತ ಕಡಿಮೆಯಾಗಿದೆ ಎಂದು ಸಮಾಧಾನ ಹೇಳಿದಳು.

“ನೋಡ್ಲಾರದ ಹೇಳಬ್ಯಾಡ,” ಅಂದಳು ಬಾಳವ್ವ. “ಒತ್ತಿ ನೋಡು. ಆಮ್ಯಾಲೆ ಹೇಳು. ನಿನ್ನ ಸಮಾಧಾನಕ್ಕ ನನ್ನ ಕಾಲು ಸಣ್ಣಾಗಂಗಿಲ್ಲ.”

ನೀಲಾ ಬೆರಳೊತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

ಆಗಲೇ ನೆಲ ಮತ್ತೊಮ್ಮೆ ಅಲುಗಿತು. ಭೂಕಂಪದ ಬಾಲದಂತೆ ಬರುತ್ತಿದ್ದ ಮರುಕಂಪನಗಳಲ್ಲಿ ಅದು ದೊಡ್ಡದು. ತಗಡು ಗಡಗಡ ಅಂದಿತು. ಮೈದಾನದ ಜನ ಕೂಗದೆ, ಕೂತಲ್ಲೇ ನೆಲ ಹಿಡಿದುಕೊಂಡರು. ಮೂಲೆಯ ಹಂಡೆಯಲ್ಲಿ ತುಂಬಿಟ್ಟ ನೀರು ಆ ಕಡೆ ಈ ಕಡೆ ತೂಗಿ, ಅಂಚು ದಾಟಿ, ಹಾಸಿದ ಜಮಖಾನೆಯವರೆಗೂ ಹರಿಯಿತು. ನೆಲ ನಿಂತ ಮೇಲೂ ನೀರು ಬಹಳ ಹೊತ್ತು ನಿಲ್ಲಲಿಲ್ಲ. ಬಾಳವ್ವ ಅದನ್ನು ನೋಡುತ್ತ, ಮಂದಿ ಮರತಾರು, ನೀರು ಲಗೂ ಮರಿಯಂಗಿಲ್ಲ ಎಂದು ಸೆರಗಿನಿಂದ ಜಮಖಾನೆ ಒತ್ತತೊಡಗಿದಳು.

ಮರುದಿನ ಪಾಳಿಗೆ ಕೂತೊಡನೆ ನೀಲಾ ಮಾಡಿದ ಮೊದಲ ಕೆಲಸ ಹಿಂದಿನ ಸಂಜೆಯ ನೀರಿನ ಮಟ್ಟಗಳ ಗೆರೆಗಳನ್ನು ಪರದೆಗೆ ತರಿಸಿದ್ದು. ಯಾಕೆ ಎಂದು ಕೇಳಿದ್ದರೆ ಹೇಳಲಾರಳು. ಹಂಡೆ ಕಣ್ಣಮುಂದೆ ಇತ್ತು, ಅಷ್ಟೇ. ಬೆಂಕಿ ಆರಿಸುವ ಟ್ಯಾಂಕಿನ ಮಟ್ಟದ ಗೆರೆ ಆ ಹೊತ್ತಿಗೆ ಸರಿಯಾಗಿ ಗರಗಸದಂತೆ ಏರಿಳಿದಿತ್ತು. ತಂಪುನೀರಿನ ಟ್ಯಾಂಕಿನದೂ ಹಾಗೇ. ಹಿನ್ನೀರಿನ ಗೆರೆಯೂ ನಡುಗಿತ್ತು. ಬಳಸಿದ ಇಂಧನವನ್ನು ಮುಳುಗಿಸಿಟ್ಟ ಕೊಳದ ಗೆರೆ ಮಾತ್ರ ದಾರ ಎಳೆದು ಕಟ್ಟಿದಂತೆ ನೆಟ್ಟಗಿತ್ತು.

ಊರೆಲ್ಲ ಅಲುಗಿದಾಗ ಅಲುಗದ ನೀರು ಯಾವುದು?

ಅದಕ್ಕೆ ಉತ್ತರ ಅವಳಿಗೆ ತಕ್ಷಣ ಹೊಳೆಯಿತು. ಯಾರೂ ಅಳೆಯದ, ಬರೀ ಊಹೆಯ ನೀರು. ಆ ಸ್ಥಾವರದಲ್ಲಿ ‘ಪೂರಣ’ ಎಂಬ ವ್ಯವಸ್ಥೆಯಿತ್ತು. ಸಾವಿರಾರು ಸೆನ್ಸರುಗಳಲ್ಲಿ ದಿನಕ್ಕೊಂದು ಕೆಡುವುದೇ. ಕೆಟ್ಟದ್ದರ ಜಾಗದಲ್ಲಿ ಏನಿರಬೇಕಿತ್ತು ಎಂಬುದನ್ನು ಪೂರಣ ಅಕ್ಕಪಕ್ಕದ ಅಳತೆಗಳಿಂದ, ವರ್ಷಗಳ ಅನುಭವದಿಂದ ಲೆಕ್ಕ ಹಾಕಿ ತುಂಬುತ್ತಿತ್ತು. ಒಳ್ಳೆಯ ಯಂತ್ರ. ಅದರ ಊಹೆ ತಪ್ಪಿದ್ದು ಅಪರೂಪ. ಊಹೆಯ ಅಂಕಿಯ ಎಡಕ್ಕೆ ಒಂದು ಹಳದಿ ಚುಕ್ಕೆ ಇಡುತ್ತಿತ್ತು, ನೋಡಿದವರು ಇದು ಅಳತೆಯಲ್ಲ ಎಂದು ತಿಳಿಯಲೆಂದು. ದಸ್ತಗೀರ ಅದಕ್ಕೆ ಹೂರಣ ಅನ್ನುತ್ತಿದ್ದ. ಹೋಳಿಗಿ ಒಳಗ ಏನು ತುಂಬ್ಯಾರ ಅಂತ ಹೊರಗ ಕಾಣಂಗಿಲ್ಲ ನೋಡ ತಂಗಿ ಎಂದು ಅವನ ನಗೆ.

ಕೊಳದ ಅಂಕಿಯ ಎಡಕ್ಕೆ ಚುಕ್ಕೆ ಇರಲಿಲ್ಲ. ಅಂಕಿ ಬರಿಮೈಯಲ್ಲಿ, ನಿಜವಾದ ಅಳತೆಯಂತೆ, ಕೊಳ ತುಂಬಿದೆ ಅನ್ನುತ್ತಿತ್ತು. ಭೂಕಂಪದ ದಿನ ಅಲ್ಲಿ ಚುಕ್ಕೆ ಕಂಡದ್ದು ಅವಳಿಗೆ ನೆನಪಿತ್ತು. ಹಾಗಿದ್ದರೆ ಅದನ್ನು ಯಾರೋ ಅಳಿಸಿದ್ದಾರೆ.

ಅಂದಿನಿಂದ ಅನ್ನುವಂತಿಲ್ಲ, ಆ ಗಳಿಗೆಯಿಂದ ಅವಳು ಎಲ್ಲರನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದಳು. ಹೆಚ್ಚಾಗಿ ಪಾಳಿಯ ಮುಖ್ಯಸ್ಥ ಇನಾಮದಾರ ಸಾಹೇಬರನ್ನು. ಅವರು ಫೋನು ಬಂದಾಗಲೆಲ್ಲ ವರಾಂಡಕ್ಕೆ ಹೋಗುತ್ತಿದ್ದರು. ಮರಳಿ ಬಂದು ಪರದೆಯನ್ನು ಸ್ವಲ್ಪ ತಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಕಿಟಕಿಯಿಂದ ಇನ್ನೊಂದನ್ನು ಕಂಡಳು. ಸಾಹೇಬರು ಕೊಳದ ಕಟ್ಟಡದ ಬಾಗಿಲ ಮುಂದೆ ಒಬ್ಬರೇ ನಿಂತಿದ್ದರು. ಚೌಕಟ್ಟು ಸೊಟ್ಟಗಾಗಿ ತೆರೆಯದಂತಾದ ಆ ಉಕ್ಕಿನ ಬಾಗಿಲಿಗೆ, ಜ್ವರ ನೋಡುವವರಂತೆ, ಅಂಗೈ ಒತ್ತಿದ್ದರು. ಸುತ್ತ ನೋಡಿ ಕೈ ತೆಗೆದು ಒಳಗೆ ಬಂದರು. ಅವರಿಗೆ ಗೊತ್ತಿದೆ, ಮುಚ್ಚಿಡುತ್ತಿದ್ದಾರೆ ಎಂದು ನೀಲಾ ತೀರ್ಮಾನಿಸಿದಳು.

ಮುಚ್ಚಿಡುವಂಥ ಸಂಗತಿಯೇ. ಬಳಸಿದ ಇಂಧನ ಬೂದಿ ಮುಚ್ಚಿದ ಕೆಂಡ. ಮೇಲೆ ಆಳವಾದ ನೀರು ಇರುವವರೆಗೆ ಸುಮ್ಮನಿರುತ್ತದೆ. ನೀರು ಇಳಿದರೆ ಕಾಯುತ್ತದೆ. ಪೂರ್ತಿ ಇಳಿದರೆ ಅದರ ವಿಷ ಗಾಳಿಗೆ ಹತ್ತಿ, ಹಿನ್ನೀರಿನ ಈ ದಂಡೆ ಆ ದಂಡೆ ಎರಡೂ ಖಾಲಿಯಾಗಬೇಕು. ಕೊಳದ ಮೇಲಿನ ಕ್ಯಾಮೆರಾ ಸತ್ತಿತ್ತು. ಬಾಗಿಲು ಕೊಯ್ದು ಒಳಗೆ ಹೋಗಿ ನೋಡಲು ಏನಿಲ್ಲವೆಂದರೂ ಎರಡು ದಿನ. ಅಂಕಿ ತುಂಬಿದೆ ಅನ್ನುವಾಗ ಆ ಉಸಾಬರಿ ಯಾರಿಗೆ ಬೇಕು? ಆದರೆ ನಾಳೆ ಚಿಕ್ಕ ಘಟಕ ಶುರುವಾದೊಡನೆ ತುರ್ತು ಪಂಪುಗಳ ನೀರೆಲ್ಲ ಅದರ ಕಡೆಗೆ ತಿರುಗುತ್ತದೆ. ಆಮೇಲೆ ಕೊಳ ಸೋರುತ್ತಿದೆ ಎಂದು ತಿಳಿದರೂ ಸುರಿಯಲು ನೀರಿರುವುದಿಲ್ಲ.

ಅವಳು ದಸ್ತಗೀರನನ್ನು ಸುತ್ತುಬಳಸಿ ಕೇಳಿದಳು. ಈ ಚುಕ್ಕೆಗಳನ್ನು ತೆಗೆಯುವ ಅಧಿಕಾರ ಯಾರಿಗಿದೆ, ಸಾಹೇಬರಿಗೆ ಮಾತ್ರವೇ ಎಂದು. ಅವನು ಬ್ರೆಡ್ಡು ಚಹಾದಲ್ಲಿ ಅದ್ದುತ್ತ ನಕ್ಕ.

“ಸಾಹೇಬರದೇನು, ದೇವರು ಬಂದ್ರೂ ತಗ್ಯಾಕ ಬರಂಗಿಲ್ಲ. ಅದು ತಾನಾ ಹೋಗತೈತಿ. ಮೂರು ಪಾಳಿ ಸಾಲಾಗಿ ಆ ಮೇಜಿನವರು ಸರಿ ಅಂದ್ರಂದ್ರ, ಮಂದಿ ಹೋಗಿ ಕಣ್ಣಾರೆ ನೋಡ್ಯಾರ ಅಂತ ತಿಳಕೊಂಡು ಚುಕ್ಕಿ ಅಳಸತೈತಿ. ಮಷಿನ್ನಿಗೆ ನಮ್ಮ ಮ್ಯಾಲೆ ಅಷ್ಟು ನಂಬಿಗಿ ನೋಡು, ನಮ್ಮ ಮನ್ಯಾಗಿನವರಿಗೂ ಇಲ್ಲ.”

ಅವನು ಬ್ರೆಡ್ಡು ಬಾಯಿಗಿಟ್ಟ. ಅದರ ತುದಿ ಮುರಿದು ಕಪ್ಪಿನೊಳಗೆ ಬಿತ್ತು, ಅದನ್ನು ಚಮಚದಿಂದ ಹುಡುಕತೊಡಗಿದ. ನೀಲಾ ತನ್ನ ಮೇಜಿಗೆ ಮರಳಿದಳು.

ಮೂರು ಪಾಳಿ. ಭೂಕಂಪದ ದಿನದ ಪಾಳಿಯವರು ಹೊರಗೆ ಮನೆಮಂದಿ ಬದುಕಿದ್ದಾರೋ ಇಲ್ಲವೋ ಎಂಬ ಧಾವಂತದಲ್ಲಿ ಸರಿ ಅಂದು ಓಡಿದ್ದರು. ಎರಡನೆಯವರು ಮೊದಲಿನವರನ್ನು ನಂಬಿ ಅಂದರು. ಮೂರನೆಯದು ಯಾರದು? ಚಿಗವ್ವನನ್ನು ಮೈದಾನದಲ್ಲಿ ಬಿಟ್ಟು, ಮೊಟ್ಟಮೊದಲ ಬಾರಿಗೆ ಆ ಮೇಜಿನ ಮುಂದೆ ಒಬ್ಬಳೇ ಎದ್ದು ನಿಂತು, ಎಲ್ಲರೂ ತನ್ನ ಕಡೆ ನೋಡುತ್ತಿದ್ದಾರೆ ಎಂಬುದೊಂದನ್ನೇ ಯೋಚಿಸುತ್ತ, ಮಾತು ಬೇಗ ಮುಗಿಯಲೆಂದು ಸರಿ ಅಂದವಳು ಅವಳೇ.

ಪೂರಣ ಕಟ್ಟಿದವರು ಸರಿ ಎಂದರೆ ನೋಡಿಬಂದು ಹೇಳುವ ಮಾತು ಎಂದು ತಿಳಿದಿದ್ದರು. ಹಳೆಯ ಕಾಗದಗಳಲ್ಲಿ ಹಾಗೇ ಇತ್ತು. ಪೂರಣಕ್ಕೆ ಸೋರುವ ಕೊಳ ಎಂದರೇನೆಂದೇ ಗೊತ್ತಿರಲಿಲ್ಲ. ಇಷ್ಟು ವರ್ಷ ಅದು ಕಂಡ ಕೊಳ ಒಂದು ದಿನವೂ ಸೋರಿರಲಿಲ್ಲ. ಭೂಕಂಪದಲ್ಲಿ ಸೆನ್ಸರಿನ ಕೇಬಲ್ ತುಂಡಾಗುವ ಮುಂಚಿನ ಅಂಕಿಯನ್ನು ಹಿಡಿದುಕೊಂಡು, ಆವಿಯಾಗುವ ಚೂರುಪಾರು ಕಳೆದು, ಅದು ನೆಮ್ಮದಿಯಾಗಿ ದಾರ ಎಳೆಯುತ್ತ ಕೂತಿತ್ತು.

ಆದರೂ ಸಾಹೇಬರ ಮೇಲಿನ ಅನುಮಾನ ಅವಳನ್ನು ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವಳೇ ಅದನ್ನು ಬಿಡಲೊಲ್ಲಳು. ಅವರು ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಜವಾಬ್ದಾರಿ ಅವರದು, ತಾನು ಹಗುರ. ಸಂಜೆ ಪಾಳಿ ಮುಗಿಸಿ ಧೈರ್ಯ ಮಾಡಿ ಅವರ ಕೋಣೆಯ ಬಾಗಿಲಲ್ಲಿ ನಿಂತಳು. ಅವರು ಫೋನಿನಲ್ಲಿ ಯಾರಿಗೋ ನಾಳೆ ನಾಳೆ ಅನ್ನುತ್ತಿದ್ದರು. ಇಟ್ಟು ನೋಡಿದರು. ಮುಖ ಗಡ್ಡ ಬೆಳೆದು ಮಣ್ಣಾಗಿತ್ತು. ಕೂಡ್ರಿ ಎಂದು ಕುರ್ಚಿ ತೋರಿಸಿದರು.

ಅವಳು ಬಾಯಿ ತೆರೆಯುವ ಮೊದಲೇ ಅವರೇ ಮಾತಾಡಿದರು. ಬೆಳಗಿನಿಂದ ಮೂವತ್ತು ಫೋನು, ಆಸ್ಪತ್ರೆಯವರದು, ನೀರು ಸರಬರಾಜಿನವರದು, ದೊಡ್ಡವರದು, ಹೆಂಡತಿಯದು. ಎಲ್ಲರಿಗೂ ಒಂದೇ ಪ್ರಶ್ನೆ, ಎಲ್ಲರಿಗೂ ಒಂದೇ ಉತ್ತರ ಎಂದರು. ಫೋನಿನಲ್ಲಿ ತಮ್ಮ ದನಿ ನಡುಗುವುದು ಮೇಜಿನವರಿಗೆ ಕೇಳಬಾರದೆಂದು ವರಾಂಡಕ್ಕೆ ಹೋಗುತ್ತೇನೆ ಎಂದು ನಕ್ಕರು. ಕಣ್ಣಿನ ಪೊರೆ ಬೇರೆ ಬಲಿತಿದೆ, ಪರದೆ ತಿರುಗಿಸದಿದ್ದರೆ ಬೆಳಕು ಹೊಡೆಯುತ್ತದೆ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

“ಖರೇ ಹೇಳಲ್ಯಾ ಹಳ್ಳೂರ ಅವರ, ಆ ಕೊಳದ ಬಾಗಲಾ ನೋಡಿದ್ರ ನನಗ ಸಮಾಧಾನ ಆಗೂದಿಲ್ಲ. ಹೋಗಿ ಮುಟ್ಟಿ ನೋಡಿ ಬಂದೆ, ಉಕ್ಕು ಏನು ಹೇಳ್ತದ? ಆದ್ರ ನಿಮ್ಮ ಮೇಜು ದಿನಾ ಸರಿ ಅಂತದಲ್ಲ, ಅದರ ಮ್ಯಾಲೆ ಜೀವಾ ಹಿಡಕೊಂಡೀನಿ. ನೀರು ಸರಿ ಅದ ಅಲ್ಲ?”

ಅವಳ ಗಂಟಲೊಳಗಿನಿಂದ ಅದು ತಾನೇ ಎದ್ದು ಬಂತು. “ಹೂಂ ಸರ್.”

ಹೊರಗೆ ಬಂದು ಅವಳು ಕಾರಿಡಾರಿನಲ್ಲಿ ನಿಂತಳು. ಇವರಿಗೆ ಗೊತ್ತಿದೆ ಎಂದು ಅವಳು ನಂಬಿದ್ದಳು, ಇವಳಿಗೆ ಗೊತ್ತಿದೆ ಎಂದು ಅವರು ನಂಬಿದ್ದರು. ಅವಳ ಮೇಜಿನ ‘ಸರಿ’ ನಂಬಿ ಪೂರಣ ಚುಕ್ಕೆ ಅಳಿಸಿತ್ತು, ಪೂರಣವನ್ನು ನಂಬಿ ಊರು ನಾಳೆಗೆ ಕಾಯುತ್ತಿತ್ತು. ಸುಳ್ಳುಗಾರನನ್ನು ಹುಡುಕಿ ಹೊರಟವಳಿಗೆ ಒಬ್ಬ ಸುಳ್ಳುಗಾರನೂ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು. ಸುಳ್ಳು ಹೇಳುವವನಿಗೆ ಕಡೆಪಕ್ಷ ನಿಜವಾದರೂ ಗೊತ್ತಿರುತ್ತದೆ.

ಶೆಡ್ಡಿನಲ್ಲಿ ಚಿಗವ್ವ ಬಟ್ಟೆ ಗಂಟು ಕಟ್ಟಿಟ್ಟುಕೊಂಡು ಕೂತಿದ್ದಳು. ಆಸ್ಪತ್ರೆಯಿಂದ ಹುಡುಗಿ ಬಂದಿದ್ದಳಂತೆ, ನಾಳೆ ಕರೆಂಟು ಬಂದ ಕೂಡಲೇ ಮೊದಲ ಪಾಳಿ ಬಾಳವ್ವನದೇ. ಅವಳಿಗೆ ಮಾತಾಡಲು ಏದುಸಿರು ಬರುತ್ತಿತ್ತು, ಆದರೂ ಮಾತು ಬಿಟ್ಟಿರಲಿಲ್ಲ. ಪಕ್ಕದ ಶೆಡ್ಡಿನವಳ ಸೊಸೆಯ ಬಗ್ಗೆ, ಪರಿಹಾರದ ಅಕ್ಕಿಯಲ್ಲಿಯ ಹುಳದ ಬಗ್ಗೆ, ನೀಲಾಳ ಕೆಲಸದ ಬಗ್ಗೆ ಊರ ಮಂದಿ ತನ್ನನ್ನು ಮಾತಾಡಿಸುವ ರೀತಿ ಬದಲಾದದ್ದರ ಬಗ್ಗೆ. ಆಮೇಲೆ ಥಟ್ಟನೆ ನಿಲ್ಲಿಸಿ ಕೇಳಿದಳು.

“ನಾಳಿ ಕರೆಂಟ ಬರತೈತಲ್ಲವಾ?”

ನೀಲಾ ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯುವವಳಂತೆ ತಲೆ ತಗ್ಗಿಸಿ ಹೂಂ ಅಂದಳು. ಚಿಗವ್ವ ಅವಳ ಬೆನ್ನನ್ನೇ ನೋಡುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಬಾಳವ್ವ, ನಿಂದು ಸಣ್ಣಾಕಿ ಇದ್ದಾಗಿಂದ ಹಿಂಗ, ಜ್ವರ ಬಂದ್ರೂ ಆರಾಮ ಅದೀನಿ ಅಂತಿದ್ದಿ, ಹಣಿ ಮುಟ್ಟಿ ನೋಡಬೇಕಾಗತಿತ್ತು ಎಂದು ಗೊಣಗಿ ಮಗ್ಗುಲಾದಳು.

ಬೆಳಿಗ್ಗೆ ಕಂಟ್ರೋಲ್ ರೂಮು ಮದುವೆ ಮನೆಯಂತಿತ್ತು. ಯಾರೋ ಗಣಪತಿಯ ಫೋಟೊಕ್ಕೆ ಹೂ ಏರಿಸಿದ್ದರು. ದಸ್ತಗೀರ ಇಸ್ತ್ರಿಯಿಲ್ಲದ ಅಂಗಿಯ ಮೇಲೆ ಅತ್ತರು ಹಚ್ಚಿಕೊಂಡು ಬಂದಿದ್ದ, ಎಲ್ಲರಿಗೂ ಚಹಾ ಹಂಚಿದ. ನೀಲಾಳ ಕಪ್ಪಿಗೆ ಇವತ್ತು ಮೂರು ಚಮಚ, ಖುಷಿಗೆ. ಅವಳು ಕಪ್ಪು ಮುಟ್ಟಲಿಲ್ಲ. ಅವನು ಅದನ್ನು ನೋಡಿ ಮುಂದಿನ ಮೇಜಿಗೆ ಹೋದ.

ಇನಾಮದಾರ ಸಾಹೇಬರು ಎದ್ದು ನಿಂತರು. ಗಡ್ಡ ಬೋಳಿಸಿದ್ದರು, ಕೆನ್ನೆಯಲ್ಲಿ ಗಾಯವಾಗಿತ್ತು. ಒಂದೊಂದೇ ಮೇಜಿನ ಹೆಸರು ಕರೆದರು. ವಿದ್ಯುತ್ ಎಂದರು. ದಸ್ತಗೀರ ಎದೆಯುಬ್ಬಿಸಿ ಸರಿ ಅಂದ. ಉಗಿ, ಸರಿ. ಗಾಳಿ, ಸರಿ. ಕವಾಟ, ಸರಿ. ಪ್ರತಿ ಸರಿಗೂ ಗೋಡೆಯ ದೊಡ್ಡ ಪರದೆಯಲ್ಲಿ ಒಂದೊಂದು ಹಸಿರು ದೀಪ ಹೊತ್ತಿತು.

“ನೀರು,” ಎಂದರು.

ನೀಲಾ ಎದ್ದಳು. ಎಲ್ಲರೂ ಅವಳ ಕಡೆ ನೋಡುತ್ತಿದ್ದರು. ಕೊಳದ ಅಂಕಿ ಮೇಜಿನ ಪರದೆಯ ಮೇಲೆ ಬರಿಮೈಯಲ್ಲಿ ಹೊಳೆಯುತ್ತಿತ್ತು. ಹೂಂ ಎಂಬುದು ಗಂಟಲಿಗೆ ಬಂದು ಕೂತಿತ್ತು, ತುಟಿ ತೆರೆದರೆ ಸಾಕು. ಮೈದಾನದಲ್ಲಿ ಗಂಟು ಕಟ್ಟಿಕೊಂಡು ಕೂತವಳು ಕಣ್ಣಮುಂದೆ ಬಂದಳು. ಈಗ ತಾನು ಬೇರೆ ಮಾತಾಡಿದರೆ ಅವಳ ಪಾಳಿ ಇವತ್ತಿಲ್ಲ, ನಾಳೆಯೂ ಇಲ್ಲ. ಹುಬ್ಬಳ್ಳಿಯ ಬಸ್ಸೇ ಗತಿ. ಅವಳನ್ನು ಎತ್ತಿ ಕೂರಿಸಬೇಕು, ಬೈಗುಳ ಕೇಳಬೇಕು, ದಾರಿಯಲ್ಲಿ ಏನಾದರೂ ಆದರೆ ಜೀವಮಾನವಿಡೀ ಹೊರಬೇಕು. ಒತ್ತಿದ ಬೆರಳಿನ ತುದಿಯಲ್ಲಿ ಆ ಪಾದದ ಮೆತ್ತನೆಯ ಗುಳಿ ಇನ್ನೂ ಇದ್ದಂತಿತ್ತು. ನೋಡ್ಲಾರದ ಹೇಳಬ್ಯಾಡ.

ಅವಳು ಏನೋ ಅಂದಳು. ಯಾರಿಗೂ ಕೇಳಲಿಲ್ಲ. ಸಾಹೇಬರು ಕಿವಿಗೆ ಕೈ ಹಿಡಿದು ಮುಂದೆ ಬಾಗಿದರು. ಸರಿ ಅಂದಿರೇನ್ರಿ, ಜೋರಾಗಿ ಹೇಳ್ರಿ, ಮಷಿನ್ನಿಗೆ ಕೇಳಬೇಕು ಎಂದರು. ಅವರ ಪೊರೆ ಬಂದ ಕಣ್ಣುಗಳಲ್ಲಿ ಅವಳು ನಿನ್ನೆಯಿಂದ ಹುಡುಕಿದ ಕಳ್ಳತನ ಇರಲಿಲ್ಲ. ಬೇಡಿಕೆಯಿತ್ತು. ಯಾವುದಕ್ಕೆ ಬೇಡಿಕೆ, ಹೌದೆನ್ನಲೆಂದೋ ಅಲ್ಲವೆನ್ನಲೆಂದೋ, ಬಹುಶಃ ಅವರಿಗೂ ತಿಳಿದಿರಲಿಲ್ಲ.

ನೀಲಾ ಎರಡೂ ಕೈ ಮೇಜಿಗೆ ಊರಿದಳು.

“ಸರಿ ಅನ್ನಲಿಲ್ಲರಿ ಸರ್,” ಎಂದಳು. ದನಿ ಅವಳಿಗೇ ಅಪರಿಚಿತವಾಗುವಷ್ಟು ದೊಡ್ಡದಿತ್ತು. “ಕೊಳದಾಗ ನೀರು ಐತೋ ಇಲ್ಲೋ ನನಗ ಗೊತ್ತಿಲ್ಲ. ನಾ ನೋಡಿಲ್ಲ. ನಾವ್ಯಾರೂ ನೋಡಿಲ್ಲ.”